ಉಂಡ ಅನ್ನ ಏನಾಗುತ್ತದೆ?

ನಾನು ಏಳನೆಯ ತರಗತಿಯಲ್ಲಿದ್ದಾಗ ಜೀರ್ಣಕ್ರಿಯೆಯ ಪಾಠವನ್ನು ಪೂರ್ತಿಯಾಗಿ ಬಾಯಿಪಾಠ ಮಾಡಿದ್ದೆ. ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಎಂದು ಒಂದೇ ಉಸಿರಿಗೆ ಹೇಳಬಲ್ಲವಳಾಗಿದ್ದೆ. ಲಾಲಾರಸವು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತದೆಂದು ಬರೆದು ಪೂರ್ಣ ಅಂಕಗಳನ್ನೂ ಪಡೆದೆ. ಆದರೆ ಆ ‘ಲಾಲಾರಸ’ವೆಂಬುದು ಬೆಳಗಿನಿಂದ ರಾತ್ರಿಯವರೆಗೆ ನನ್ನ ಬಾಯಲ್ಲೇ ಇರುವ ಉಗುಳು, ಮನೆಯಲ್ಲಿ ಹಿರಿಯರು ‘ಎಂಜಲು’ ಎಂದು ದೂರವಿಡುವ ವಸ್ತು ಅದೇ ಎಂಬುದು ನನಗೆ ಹೊಳೆದಿರಲಿಲ್ಲ. ಪುಸ್ತಕದ ಮಾತು ಪುಸ್ತಕದಲ್ಲಿತ್ತು, ಮನೆಯ ಮಾತು ಮನೆಯಲ್ಲಿತ್ತು. ಇವೆರಡೂ ಒಂದೆಡೆ ಸೇರಿದುದು ಬಿ.ಎ. ಕೊನೆಯ ವರ್ಷದಲ್ಲಿ, ಚಿಕ್ಕ ಮಕ್ಕಳ ಮುಂದೆ ನಾನು ಪಾಠ ಹೇಳಲು ನಿಂತಾಗ. ಆ ಅನುಭವವನ್ನೂ ಅಲ್ಲಿ ನಾವು ಮಾಡಿದ ಪ್ರಯೋಗಗಳನ್ನೂ ಸಹಪಾಠಿಗಳ ಮತ್ತು ಗುರುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸವನ್ನೂ ಕನ್ನಡವನ್ನೂ ಓದುವವಳು. ತಪ್ಪುಗಳಿದ್ದರೆ ತಿಳಿದವರು ತಿದ್ದಬೇಕು.

ಎರಡು ಕೊಳವೆಗಳು

ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರಕ್ಕಾಗಿ ಈ ವರ್ಷ ನಾವು ದಕ್ಷಿಣ ಕೊಡಗಿನ ಒಂದು ಹಳ್ಳಿಯ ಶಾಲೆಯಲ್ಲಿ ಉಳಿದುಕೊಂಡಿದ್ದೆವು. ಅದು ಕಾಫಿ ಕುಯ್ಲಿನ ಕಾಲ. ಹೊತ್ತು ಮೂಡುವ ಮೊದಲೇ ದೊಡ್ಡವರೆಲ್ಲ ತೋಟ ಸೇರುತ್ತಿದ್ದರು. ಬೆಳಿಗ್ಗೆ ಶ್ರಮದಾನಕ್ಕೆ ಹೊರಡುವ ಮೊದಲು ಐದರಿಂದ ಏಳನೆಯ ತರಗತಿಯ ಮಕ್ಕಳಿಗೆ ಒಂದು ಗಂಟೆ ಏನಾದರೂ ಕಲಿಸುವ ಕೆಲಸವನ್ನು ನಮ್ಮಲ್ಲಿ ಹಂಚಿದಾಗ, ನನ್ನ ಪಾಲಿಗೆ ಜೀರ್ಣಕ್ರಿಯೆ ಬಂದಿತು. ಆ ಮಕ್ಕಳ ಮನೆಮಾತುಗಳು ಹಲವು: ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ, ಮಲಯಾಳ, ತುಳು, ತಮಿಳು. ಶಾಲೆಯ ಮಾತು ಮಾತ್ರ ಕನ್ನಡ.

ಪುಸ್ತಕವನ್ನು ತೆರೆಯುವ ಮೊದಲು ಅವರಿಗೆ ಏನು ಗೊತ್ತಿದೆಯೆಂದು ತಿಳಿಯೋಣವೆನ್ನಿಸಿತು. ಒಬ್ಬ ಹುಡುಗನನ್ನು ನೆಲದ ಮೇಲೆ ಮಲಗಿಸಿ, ಅವನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದೆ. ಅವನು ಎದ್ದ ಮೇಲೆ ನೆಲದಲ್ಲಿ ಒಂದು ಮನುಷ್ಯಾಕೃತಿ ಉಳಿಯಿತು. “ಬೆಳಿಗ್ಗೆ ತಿಂದ ರೊಟ್ಟಿ ಈಗ ಎಲ್ಲಿದೆ? ಕುಡಿದ ಕಾಫಿ ಎಲ್ಲಿದೆ? ದಾರಿಯನ್ನು ಬರೆದು ತೋರಿಸಿ” ಎಂದೆ. ಏಳನೆಯ ತರಗತಿಯ ಮಕ್ಕಳು ಅಂಗಗಳ ಹೆಸರುಗಳನ್ನು ಸರಾಗವಾಗಿ ಹೇಳಿದರು. ಆದರೆ ಬರೆಯಲು ಕುಳಿತಾಗ ಹೆಚ್ಚಿನವರು ಗಂಟಲಿನಿಂದ ಎರಡು ಕೊಳವೆಗಳನ್ನು ಇಳಿಸಿದರು. ಒಂದು ಅನ್ನಕ್ಕೆ, ಇನ್ನೊಂದು ನೀರಿಗೆ. ನೀರಿನ ಕೊಳವೆ ನೇರವಾಗಿ ಮೂತ್ರದ ದಾರಿಗೆ ಸೇರಿತು. ಒಬ್ಬಳು ಹೊಕ್ಕಳಿನ ಹಿಂದೆ ದುಂಡಗಿನ ಚೀಲವೊಂದನ್ನು ಬರೆದು, ಅದರೊಳಗೆ ರೊಟ್ಟಿಯನ್ನು ಇಡಿಯಾಗಿ ಇಟ್ಟಳು. ಇನ್ನೊಬ್ಬನ ಕೊಳವೆ ಹೊಟ್ಟೆಯವರೆಗೆ ಬಂದು ಅಲ್ಲಿಗೇ ನಿಂತಿತು. “ಆಮೇಲೆ?” ಎಂದರೆ, “ಆಮೇಲೆ ರಕ್ತ ಆಗುತ್ತೆ ಅಕ್ಕಾ” ಎಂದನು.

ಈ ಚಿತ್ರಗಳನ್ನು ಅಳಿಸದೆ ಬಿಟ್ಟೆವು. ಗಂಟಲಿನಲ್ಲಿ ಎರಡು ಕೊಳವೆಗಳಿರುವುದೇನೋ ನಿಜ. ಆದರೆ ಒಂದು ಉಸಿರಿಗೆ, ಇನ್ನೊಂದು ಅನ್ನಕ್ಕೂ ನೀರಿಗೂ. ನುಂಗುವಾಗ ಉಸಿರಿನ ಬಾಯನ್ನು ಮುಚ್ಚಳದಂಥ ಅಂಗವೊಂದು ಮುಚ್ಚುತ್ತದೆ. ಊಟದ ನಡುವೆ ಮಾತಾಡಿದಾಗ ‘ನೆತ್ತಿಗೆ ಹತ್ತಿತು’ ಎಂದು ತಲೆ ತಟ್ಟುತ್ತಾರಲ್ಲ, ಆಗ ಅನ್ನದ ಅಗುಳು ಹತ್ತಿರುವುದು ನೆತ್ತಿಗಲ್ಲ, ಉಸಿರಿನ ದಾರಿಗೆ. ಇಷ್ಟನ್ನು ಹೇಳಿದಾಗ ಮಕ್ಕಳು ತಮ್ಮ ತಮ್ಮ ಗಂಟಲನ್ನು ಮುಟ್ಟಿಕೊಂಡು, ಉಗುಳು ನುಂಗಿ, ಗಂಟಲಮಣಿ ಮೇಲೇಳುವುದನ್ನು ಬೆರಳಿನಿಂದ ತಿಳಿದುಕೊಂಡರು. ಮೊದಲ ಪ್ರಯೋಗಕ್ಕೆ ಯಾವ ಉಪಕರಣವೂ ಬೇಕಾಗಲಿಲ್ಲ.

ಹಗ್ಗ ಮತ್ತು ಸೈಕಲ್ ಟ್ಯೂಬು

ಎರಡನೆಯ ಪ್ರಯೋಗಕ್ಕೆ ಬಾವಿಯ ಹಳೆಯ ಹಗ್ಗವೊಂದನ್ನು ತಂದೆವು. ಅಳತೆಪಟ್ಟಿಯಿಂದ ಮಕ್ಕಳೇ ಅಳೆದು ಗಂಟು ಹಾಕಿದರು. ಅನ್ನನಾಳಕ್ಕೆ ೨೫ ಸೆಂಟಿಮೀಟರ್, ಜಠರಕ್ಕೆ ಇನ್ನೊಂದು ೨೫ ಸೆಂಟಿಮೀಟರ್, ಸಣ್ಣ ಕರುಳಿಗೆ ಸುಮಾರು ೬ ಮೀಟರ್, ದೊಡ್ಡ ಕರುಳಿಗೆ ಒಂದೂವರೆ ಮೀಟರ್. ಎಲ್ಲ ಸೇರಿ ೮ ಮೀಟರ್. ಹಗ್ಗದ ಒಂದು ತುದಿಯನ್ನು ಹಲಗೆಯ ಬಳಿ ಹಿಡಿದರೆ ಇನ್ನೊಂದು ತುದಿ ಬಾಗಿಲು ದಾಟಿ ಜಗಲಿಗೆ ಹೋಯಿತು. ಇದು ದೊಡ್ಡವರ ಅಳತೆ; ಅದೂ ಮರಣಾನಂತರ ಅಳೆದದ್ದು. ಜೀವಂತ ದೇಹದಲ್ಲಿ ಸ್ನಾಯುಗಳು ಬಿಗಿದಿರುವುದರಿಂದ ಕರುಳಿನ ಉದ್ದ ಇದಕ್ಕಿಂತ ಕಡಮೆ ಎಂಬುದನ್ನೂ ಹೇಳಿದೆ. ಬಳಿಕ ಆ ಹಗ್ಗವನ್ನು ನೆಲದ ಮೇಲಿನ ಆಕೃತಿಯ ಹೊಟ್ಟೆಯೊಳಗೆ ಸೇರಿಸುವ ಪಂದ್ಯ. ಸುತ್ತಿ, ಮಡಿಸಿ, ಮತ್ತೆ ಸುತ್ತಿ ಅಂತೂ ಸೇರಿಸಿದರು. ‘ಸಣ್ಣ’ ಕರುಳು ‘ದೊಡ್ಡ’ ಕರುಳಿಗಿಂತ ನಾಲ್ಕು ಪಾಲು ಉದ್ದವೇಕೆಂದು ಒಬ್ಬ ಕೇಳಿದನು. ಹೆಸರು ಬಂದದ್ದು ಉದ್ದದಿಂದಲ್ಲ, ಅಗಲದಿಂದ ಎಂಬ ಉತ್ತರವನ್ನು ಏಳನೆಯ ತರಗತಿಯ ಹುಡುಗಿಯೇ ಕೊಟ್ಟಳು.

ಇಷ್ಟು ಸುತ್ತುಬಳಸಿನ ದಾರಿಯಲ್ಲಿ ಅನ್ನ ತಾನಾಗಿ ಹೇಗೆ ಸಾಗುತ್ತದೆ? ನೀರು ಇಳಿಜಾರಿಗೆ ಹರಿದ ಹಾಗೆಂದು ಮಕ್ಕಳು ಭಾವಿಸಿದ್ದರು. ಹಳೆಯ ಸೈಕಲ್ ಟ್ಯೂಬಿನ ಒಂದು ಮೊಳದ ತುಂಡಿನೊಳಗೆ ಎಣ್ಣೆ ಸವರಿದ ಸುಲಿದ ಅಡಕೆಯನ್ನು ತೂರಿಸಿ, “ಟ್ಯೂಬನ್ನು ಓರೆ ಮಾಡದೆ ಆಚೆ ತುದಿಗೆ ಸಾಗಿಸಿ” ಎಂದೆ. ಸ್ವಲ್ಪ ಹೊತ್ತಿನಲ್ಲೇ ಉಪಾಯ ತಿಳಿಯಿತು. ಅಡಕೆಯ ಹಿಂಬದಿಯಲ್ಲಿ ಹಿಚುಕಿದರೆ ಅದು ಮುಂದಕ್ಕೆ ಜಾರುತ್ತದೆ. ಮತ್ತೆ ಅದರ ಹಿಂದೆ ಹಿಚುಕಬೇಕು. ಟ್ಯೂಬನ್ನು ಮೇಲ್ಮುಖವಾಗಿ ಹಿಡಿದರೂ ಅಡಕೆ ಏರಿತು. ಅನ್ನನಾಳದ ಮತ್ತು ಕರುಳಿನ ಗೋಡೆಯ ಸ್ನಾಯುಗಳು ಇದೇ ಕೆಲಸವನ್ನು ಅಲೆಯಲೆಯಾಗಿ ಮಾಡುತ್ತವೆ. ಹಸು ತಲೆ ಬಗ್ಗಿಸಿ ನೀರು ಕುಡಿದರೂ ನೀರು ಹೊಟ್ಟೆಗೆ ಏರುವುದು ಇದರಿಂದಲೇ ಎಂದಾಗ, ದನ ಕಾಯುವ ಹುಡುಗನೊಬ್ಬ ತಾನಿದನ್ನು ದಿನವೂ ನೋಡಿಯೂ ಯೋಚಿಸಿರಲಿಲ್ಲವೆಂದು ಹೇಳಿದನು.

ಗಂಜಿ, ಅಯೋಡಿನ್ ಮತ್ತು ಎಂಜಲು

ಇಲ್ಲಿಯವರೆಗೆ ಎಲ್ಲವೂ ಸುಲಭ. ಅನ್ನ ಸಾಗುವುದನ್ನು ತೋರಿಸಬಹುದು. ಅನ್ನ ಮಾರ್ಪಡುವುದನ್ನು ತೋರಿಸುವುದು ಹೇಗೆ? ಕೊಡಗಿನಲ್ಲಿ ಅಕ್ಕಿಯೇ ಊಟ, ಅಕ್ಕಿಯೇ ತಿಂಡಿ. ಅಕ್ಕಿರೊಟ್ಟಿ, ಕಡಂಬುಟ್ಟು, ನೂಲುಪುಟ್ಟು, ಗಂಜಿ, ಯಾವುದಾದರೂ ಅದರ ಮುಖ್ಯ ಸತ್ತ್ವ ಪಿಷ್ಟವೇ. ಮೊದಲು ಉಪ್ಪಿಲ್ಲದ ಅನ್ನದ ಒಂದು ತುತ್ತನ್ನು ನುಂಗದೆ ಎರಡು ನಿಮಿಷ ಅಗಿಯಲು ಹೇಳಿದೆ. ಕೆಲವರು “ಸಿಹಿ” ಎಂದರು. ಕೆಲವರು “ಏನೂ ಇಲ್ಲ” ಎಂದರು. ಒಬ್ಬನು ಪಕ್ಕದವನು ಸಿಹಿ ಎಂದುದನ್ನು ಕೇಳಿದ ಮೇಲೆ ತಾನೂ ಸಿಹಿ ಎಂದನು. ನಾಲಗೆಯ ಸಾಕ್ಷಿ ಸಾಲದು. ಇನ್ನೊಂದು ಸಾಕ್ಷಿ ಬೇಕೆಂದು ಎಲ್ಲರೂ ಒಪ್ಪಿದರು.

ಆ ಸಾಕ್ಷಿ ಅಯೋಡಿನ್. ಗಾಯಕ್ಕೆ ಹಚ್ಚಲು ಔಷಧದ ಅಂಗಡಿಯಲ್ಲಿ ಸಿಗುವ ದ್ರಾವಣವನ್ನು ನೀರು ಬೆರೆಸಿ ತೆಳ್ಳಗೆ ಮಾಡಿ ಗಂಜಿಯ ಮೇಲೆ ಒಂದು ತೊಟ್ಟು ಹಾಕಿದರೆ ಕಡುನೀಲಿ ಬಣ್ಣ ಬರುತ್ತದೆ. ಪಿಷ್ಟ ಇರುವಲ್ಲಿ ನೀಲಿ. ಸಕ್ಕರೆ ನೀರಿನಲ್ಲಿ ನೀಲಿ ಇಲ್ಲ. ಅನ್ನ, ಬಾಳೆಕಾಯಿ, ಗೆಣಸು ಎಲ್ಲವೂ ನೀಲಿಯಾದವು, ಉಪ್ಪು ನೀಲಿಯಾಗಲಿಲ್ಲ. ಇನ್ನು ಮಾಡಬೇಕಾದದ್ದು ಇಷ್ಟೆ: ತೆಳ್ಳನೆಯ ಗಂಜಿಗೆ ಉಗುಳನ್ನು ಬೆರೆಸಿಟ್ಟು, ಎರಡೆರಡು ನಿಮಿಷಕ್ಕೊಮ್ಮೆ ಅದರಿಂದ ಒಂದು ತೊಟ್ಟನ್ನು ತೆಗೆದು ಬಿಳಿಯ ತಟ್ಟೆಯ ಮೇಲೆ ಅಯೋಡಿನ್‌ನೊಡನೆ ಪರೀಕ್ಷಿಸುವುದು. ಪಿಷ್ಟ ಕರಗುತ್ತಾ ಹೋದಂತೆ ನೀಲಿ ಬಣ್ಣ ಕಂದಾಗಿ, ಕಡೆಗೆ ಅಯೋಡಿನ್‌ನ ಹಳದಿಯೇ ಉಳಿಯಬೇಕು.

ನಾಲ್ವರು ಮಕ್ಕಳು ಬಾಯಿ ಮುಕ್ಕಳಿಸಿ ಬಂದು, ನಾಲ್ಕು ಲೋಟಗಳಲ್ಲಿ ಉಗುಳು ಕೊಟ್ಟರು. ಲೋಟಗಳನ್ನು ಹಂಚಿಕೊಂಡು ಕಲಕಿ ಪರೀಕ್ಷಿಸಲು ಹೇಳಿದಾಗ ಒಂದು ಲೋಟವನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅದು ತೋಟದ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳದು. “ಏಕೆ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬನು ಮೆಲ್ಲಗೆ, “ಎಂಜಲು ಅಕ್ಕಾ” ಎಂದನು. ಉಳಿದ ಮೂರು ಲೋಟಗಳಲ್ಲಿದ್ದುದೂ ಎಂಜಲೇ ಅಲ್ಲವೆ? ಅವನ್ನು ಅವರು ಆಗಲೇ ಹಂಚಿಕೊಂಡಿದ್ದರು. ತೋಟದ ಕೆಲಸಕ್ಕೆ ಹೋಗುವ ನನ್ನ ತಾಯಿಗೆ ಬೇರೆ ಇಟ್ಟ ಲೋಟದಲ್ಲಿ ಕಾಫಿ ಕೊಡುವುದನ್ನು ಚಿಕ್ಕಂದಿನಲ್ಲಿ ಕಂಡವಳು ನಾನು. ಆದುದರಿಂದ ಆ ಮೌನದ ಅರ್ಥವನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆದರೆ ಹೇಳಬೇಕಾದ ಮಾತೂ ನನಗೆ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಆ ಹುಡುಗಿ ತನ್ನ ಲೋಟವನ್ನು ತಾನೇ ತೆಗೆದುಕೊಂಡು ಮೂಲೆಗೆ ಹೋಗಿ ಕುಳಿತಳು.

ಅಂದು ಪ್ರಯೋಗವೂ ಕೈಗೂಡಲಿಲ್ಲ. ಹತ್ತು ನಿಮಿಷ ಕಳೆದರೂ ನಾಲ್ಕು ಲೋಟಗಳ ತೊಟ್ಟುಗಳೂ ನೀಲಿಯಾಗಿಯೇ ಉಳಿದವು. ಪುಸ್ತಕದಲ್ಲಿ ಬರೆದದ್ದು ಸುಳ್ಳೆಂದು ಕೆಲವರು ನಕ್ಕರು. ನನಗೆ ಬೆವರಿಳಿಯಿತು. ಆಗ ಮೂಲೆಯಲ್ಲಿದ್ದ ಹುಡುಗಿ, “ಅಕ್ಕಾ, ಬಾಯೊಳಗೆ ಇಷ್ಟು ಚಳಿ ಇಲ್ಲವಲ್ಲ” ಎಂದಳು.

ಉಸಿರು ಬಿಟ್ಟರೆ ಹೊಗೆಯಂತೆ ಕಾಣುವ ಬೆಳಗು ಅದು. ಸ್ಟೀಲಿನ ಲೋಟಗಳು ಮಂಜಿನಷ್ಟು ತಣ್ಣಗಿದ್ದವು. ಉಗುಳಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ದೇಹದ ಶಾಖದಲ್ಲಿ, ಅಂದರೆ ಸುಮಾರು ೩೭ ಡಿಗ್ರಿ ಸೆಲ್ಷಿಯಸ್‌ನಲ್ಲಿ, ಚುರುಕಾಗಿ ಕೆಲಸಮಾಡುತ್ತದೆ, ಚಳಿಯಲ್ಲಿ ಮಂದವಾಗುತ್ತದೆ, ಕುದಿಸಿದರೆ ಕೆಟ್ಟೇಹೋಗುತ್ತದೆ. ಇದನ್ನು ನಾನು ಓದಿಕೊಂಡೇ ಬಂದಿದ್ದೆ. ಆದರೂ ಹೊಳೆದದ್ದು ನನಗಲ್ಲ, ಅವಳಿಗೆ.

ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡವರು

ಅಂದು ರಾತ್ರಿ ನಾನು ಜೊತೆಗೆ ತಂದಿದ್ದ ಟಿಪ್ಪಣಿಗಳನ್ನು ಮತ್ತೆ ಓದಿದೆ. ಜಠರ ಬೀಸುವ ಕಲ್ಲಿನಂತೆ ಅನ್ನವನ್ನು ಅರೆಯುತ್ತದೆಯೋ, ಯಾವುದೋ ರಸದಿಂದ ಕರಗಿಸುತ್ತದೆಯೋ ಎಂಬ ವಾದ ಯೂರೋಪಿನಲ್ಲಿ ಬಹುಕಾಲ ನಡೆಯಿತು. ೧೭೫೨ರಲ್ಲಿ ಫ್ರಾನ್ಸಿನ ರೇಮೂರ್ ತಾನು ಸಾಕಿದ ಹದ್ದಿಗೆ ಮಾಂಸ ತುಂಬಿದ ಲೋಹದ ಕೊಳವೆಗಳನ್ನು ನುಂಗಿಸಿದನು. ಹದ್ದು ಅವನ್ನು ಹೊರಗೆ ಕಾರಿದಾಗ ಕೊಳವೆಗಳು ಜಜ್ಜಿರಲಿಲ್ಲ. ಒಳಗಿನ ಮಾಂಸ ಮಾತ್ರ ಕರಗಿತ್ತು. ಬಳಿಕ ಇಟಲಿಯ ಸ್ಪಲಾಂಜಾನಿ ಅದೇ ಶತಮಾನದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೊಟ್ಟಿ ಮತ್ತು ಮಾಂಸವನ್ನು ಪುಟ್ಟ ಬಟ್ಟೆಯ ಚೀಲಗಳಲ್ಲಿ ಹೊಲಿದು ತಾನೇ ನುಂಗಿದನು.

ಇನ್ನೊಂದು ಕಥೆ ಅಷ್ಟು ಸುಖದ್ದಲ್ಲ. ೧೮೨೨ರ ಜೂನ್ ೬ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ, ತುಪ್ಪುಳುಚರ್ಮದ ವ್ಯಾಪಾರದ ಕಂಪೆನಿಯಲ್ಲಿ ದುಡಿಯುತ್ತಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟ್ ಅವನನ್ನು ಬದುಕಿಸಿದನು. ಆದರೆ ಹೊಟ್ಟೆಯ ಗಾಯ ಮುಚ್ಚದೆ, ಜಠರಕ್ಕೆ ಒಂದು ಕಿಂಡಿ ಉಳಿದುಹೋಯಿತು. ೧೮೨೫ರಿಂದ ಆ ಕಿಂಡಿಯ ಮೂಲಕ ಬ್ಯೂಮಾಂಟ್ ರೇಷ್ಮೆ ದಾರಕ್ಕೆ ಕಟ್ಟಿದ ಮಾಂಸ, ರೊಟ್ಟಿ, ಎಲೆಕೋಸುಗಳನ್ನು ಇಳಿಸಿ, ಗಂಟೆಗೊಮ್ಮೆ ಎಳೆದು ನೋಡಿದನು. ೧೮೩೩ರಲ್ಲಿ ಅವನು ಪ್ರಕಟಿಸಿದ ಗ್ರಂಥದಿಂದ ಜಠರರಸದ ಕೆಲಸ ಜಗತ್ತಿಗೆ ಖಚಿತವಾಗಿ ತಿಳಿಯಿತು. ಸೇಂಟ್ ಮಾರ್ಟಿನ್ ಓದುಬರಹ ಬಾರದ ಬಡವ. ವೈದ್ಯನ ಮನೆಯಲ್ಲಿ ಸೌದೆ ಒಡೆಯುವ ಆಳಾಗಿಯೂ ಇದ್ದವನು. ಅವನು ೧೮೮೦ರಲ್ಲಿ ತೀರಿಕೊಂಡಾಗ, ವೈದ್ಯರು ದೇಹವನ್ನು ಕೊಯ್ಯಬಾರದೆಂದು ಅವನ ಮನೆಯವರು ಅದು ಕೊಳೆಯುವವರೆಗೂ ಹೂಳದೆ ಕಾದರು.

ಇದನ್ನು ಓದಿದ ಮೇಲೆ ನನ್ನ ತಪ್ಪು ನನಗೆ ಕಂಡಿತು. ನಾನು ಮಕ್ಕಳ ಉಗುಳನ್ನು ಕೇಳಿದ್ದೆ; ನನ್ನದನ್ನು ಕೊಟ್ಟಿರಲಿಲ್ಲ. ಪರೀಕ್ಷಿಸುವವಳು ನಾನು, ಪರೀಕ್ಷೆಗೆ ಒಳಗಾಗುವವರು ಅವರು ಎಂಬಂತೆ ನಿಂತಿದ್ದೆ. ಬೇರೆ ಯಾವ ವಿಜ್ಞಾನಪಾಠದಲ್ಲಾದರೂ ಇದು ನಡೆದೀತು. ಜೀರ್ಣಕ್ರಿಯೆಯ ಪಾಠದಲ್ಲಿ ಪ್ರಯೋಗಶಾಲೆಯೆಂದರೆ ಮಗುವಿನ ದೇಹವೇ. ಅಲ್ಲಿ ಗುರುವಾದವರು ಮೊದಲು ತಮ್ಮ ದೇಹವನ್ನು ಒಡ್ಡಬೇಕು.

ಐದು ಲೋಟಗಳು

ಮರುದಿನ ಪ್ರಯೋಗವನ್ನು ಹೊಸದಾಗಿ ಏರ್ಪಡಿಸಿದೆವು. ಒಂದೇ ಅಳತೆಯ ಐದು ಲೋಟಗಳು, ಒಂದೇ ಪಾತ್ರೆಯಿಂದ ಅಳೆದ ಗಂಜಿ, ಲೋಟಕ್ಕೊಂದು ಚಮಚೆ ಉಗುಳು. ಆರನೆಯ ಲೋಟಕ್ಕೆ ಉಗುಳಿನ ಬದಲು ನೀರು. ಒಳಗಿನ ಕೋಣೆಗೆ ಒಬ್ಬೊಬ್ಬರೇ ಹೋಗಿ, ತಮ್ಮ ಲೋಟಕ್ಕೆ ತಾವೇ ಬೆರೆಸಿ, ತಮಗಿಷ್ಟ ಬಂದ ಸಂಖ್ಯೆಯ ಚೀಟಿಯನ್ನು ಅಂಟಿಸಿ ಬರಬೇಕು. ಯಾರದು ಯಾವುದೆಂದು ಹೇಳಕೂಡದು. ಮನಸ್ಸಿಲ್ಲದವರು ಕೊಡಬೇಕಾಗಿಲ್ಲ. ನಾಲ್ವರು ಮಕ್ಕಳು ಹೋಗಿ ಬಂದರು. ಅವರಲ್ಲಿ ಹಿಂದಿನ ದಿನದ ಹುಡುಗಿಯೂ ಒಬ್ಬಳು. ಐದನೆಯವಳು ನಾನು. ಲೋಟಕ್ಕೊಂದರಂತೆ ಬೇರೆ ಬೇರೆ ಕಡ್ಡಿಗಳನ್ನು ಇಟ್ಟೆವು. ಲೋಟದೊಳಕ್ಕೆ ಯಾರೂ ಬೆರಳು ಹಾಕಬಾರದೆಂದು ಹೇಳಿದೆ. ಉಗುಳಿನಿಂದ ನೆಗಡಿ, ಕೆಮ್ಮಿನಂಥ ರೋಗಗಳು ಹರಡುವುದು ಸತ್ಯ. ಎಂಜಲನ್ನು ದೂರವಿಡಲು ಇರುವ ಕಾರಣ ಅದೊಂದೇ; ಅದು ರಾಜನ ಎಂಜಲಿಗೂ ಅನ್ವಯಿಸುತ್ತದೆ, ನನ್ನ ಎಂಜಲಿಗೂ ಅನ್ವಯಿಸುತ್ತದೆ ಎಂದೆ.

ಬಿಸಿಯೂಟದ ಅಡುಗೆಯಮ್ಮ ಒಂದು ಬೋಗುಣಿ ಬಿಸಿನೀರು ಕೊಟ್ಟರು. ಉಷ್ಣಮಾಪಕ ನಮ್ಮಲ್ಲಿರಲಿಲ್ಲ. “ಕೂಸಿಗೆ ಸ್ನಾನ ಮಾಡಿಸುವ ಹದ ಇರಲಿ” ಎಂದು ಅವರೇ ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡಿದರು. ಆರು ಲೋಟಗಳನ್ನೂ ಅದರಲ್ಲಿ ನಿಲ್ಲಿಸಿದೆವು. ಎರಡು ನಿಮಿಷ, ಎಲ್ಲವೂ ನೀಲಿ. ನಾಲ್ಕು ನಿಮಿಷ, ಒಂದನೆಯ ಲೋಟದ ತೊಟ್ಟು ಕೆಂಗಂದು. ಆಮೇಲೆ ಒಂದಾದ ಮೇಲೊಂದು ಬಣ್ಣ ಬಿಟ್ಟುಕೊಟ್ಟವು. ಮಕ್ಕಳು ತಟ್ಟೆಯ ಮೇಲೆ ಬಗ್ಗಿ ತಲೆಗೆ ತಲೆ ತಾಗಿಸಿಕೊಂಡು ನಿಂತರು. ಸಂಖ್ಯೆಗಳ ಮೋಹದಲ್ಲಿ ಯಾರ ಲೋಟವೆಂಬುದನ್ನು ಅವರು ಮರೆತಿದ್ದರು. ನಾಲ್ಕನೆಯ ಲೋಟ ಮಾತ್ರ ಬಹಳ ಹೊತ್ತು ನೀಲಿಯಾಗಿದ್ದು, ಎಲ್ಲಕ್ಕಿಂತ ಕಡೆಗೆ ಹಳದಿಗೆ ತಿರುಗಿತು. ನೀರಿನ ಲೋಟ ಕೊನೆಯವರೆಗೂ ನೀಲಿಯಾಗಿಯೇ ಉಳಿಯಿತು.

“ನಾಲ್ಕು ಯಾರದು?” ಎಂಬ ಪ್ರಶ್ನೆ ಎದ್ದಿತು. ಕೆಲವರ ಕಣ್ಣು ತಾನಾಗಿ ಆ ಹುಡುಗಿಯ ಕಡೆಗೆ ಹೋಯಿತು. “ಅದು ನನ್ನದು” ಎಂದೆ. ಒಂದು ಗಳಿಗೆ ಸುಮ್ಮನಿದ್ದು ಎಲ್ಲರೂ ನಕ್ಕುಬಿಟ್ಟರು. ನಾನೂ ನಕ್ಕೆ. “ಅಕ್ಕ ಇನ್ನೂ ಹೆಚ್ಚು ಅನ್ನ ಉಣ್ಣಬೇಕು” ಎಂದು ಒಬ್ಬನು ತೀರ್ಪು ಕೊಟ್ಟನು.

ಆ ತೀರ್ಪಿನಲ್ಲಿಯೂ ಒಂದು ವಿಚಾರವಿದೆ. ೨೦೦೭ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಉಗುಳಿನ ಅಮೈಲೇಸನ್ನು ತಯಾರಿಸುವ ಜೀನಿನ ಪ್ರತಿಗಳು ಎಲ್ಲರಲ್ಲಿಯೂ ಒಂದೇ ಸಂಖ್ಯೆಯಲ್ಲಿಲ್ಲ. ತಲತಲಾಂತರದಿಂದ ಪಿಷ್ಟವನ್ನು ಹೆಚ್ಚಾಗಿ ಉಣ್ಣುತ್ತ ಬಂದ ಜನಸಮುದಾಯಗಳಲ್ಲಿ ಸರಾಸರಿ ಹೆಚ್ಚು ಪ್ರತಿಗಳಿವೆ. ಒಂದೇ ಸಮುದಾಯದೊಳಗೂ ಒಬ್ಬೊಬ್ಬರಿಗೆ ಒಂದೊಂದು ಬಗೆ. ಹಾಗೆಂದು ನನ್ನ ಲೋಟ ನಿಧಾನವಾದುದಕ್ಕೆ ಅದೇ ಕಾರಣವೆನ್ನಲಾಗದು. ಆ ಹೊತ್ತಿನಲ್ಲಿ ಬಾಯಲ್ಲಿ ಊರಿದ ಉಗುಳು ತೆಳ್ಳಗಿದ್ದಿರಬಹುದು, ಚಮಚೆ ಪೂರ್ತಿ ತುಂಬದೆ ಇದ್ದಿರಬಹುದು. ಅದಲ್ಲದೆ ಉಗುಳಿನ ಕೆಲಸ ಬರಿಯ ಆರಂಭ. ಮೇದೋಜೀರಕ ಗ್ರಂಥಿಯೂ ಅಮೈಲೇಸನ್ನು ಸಣ್ಣ ಕರುಳಿಗೆ ಸುರಿಯುತ್ತದೆ. ಪಿಷ್ಟದ ಹೆಚ್ಚಿನ ಭಾಗ ಕರಗುವುದು ಅಲ್ಲಿಯೇ. ಒಂದೇ ಬಾರಿ ಮಾಡಿದ ಪ್ರಯೋಗದಿಂದ ಒಬ್ಬರನ್ನು ಅಳೆಯಕೂಡದೆಂಬ ಮಾತನ್ನು ಮಕ್ಕಳಿಗೆ ಹೇಳಲು ಆ ನಾಲ್ಕನೆಯ ಲೋಟ ನನಗೆ ಒದಗಿತು.

ಜಠರ, ಪಿತ್ತ, ಕರುಳು

ಉಳಿದ ಪ್ರಯೋಗಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಜಠರದ ಆಮ್ಲವನ್ನು ತೋರಿಸಲು ಅರ್ಧ ಲೋಟ ಹಾಲಿಗೆ ಕೆಲವು ತೊಟ್ಟು ಕಾಚಂಪುಳಿ ಬಿಟ್ಟೆವು. ಹಂದಿಮಾಂಸದ ಸಾರಿಗೆ ಹಾಕುವ ಈ ಕಪ್ಪು ಹುಳಿ ಕೊಡಗಿನ ಅಡುಗೆಮನೆಗಳಲ್ಲಿ ಇರುವಂಥದೇ. ಹಾಲು ಕೂಡಲೆ ಒಡೆದು ಗಡ್ಡೆಗಟ್ಟಿತು. ಕುಡಿದ ಹಾಲು ಜಠರದಲ್ಲಿಯೂ ಹೀಗೆಯೇ ಒಡೆಯುತ್ತದೆ. ಕೂಸು ಕಕ್ಕಿದ ಹಾಲು ಮೊಸರಿನಂತೆ ಕಾಣುವುದು ಅದರಿಂದಲೇ. ಮಾಂಸ, ಮೊಟ್ಟೆಗಳ ಪ್ರೋಟೀನನ್ನು ಕತ್ತರಿಸಲು ಜಠರದಲ್ಲಿ ಪೆಪ್ಸಿನ್ ಎಂಬ ಕಿಣ್ವವಿದೆ. ೧೮೩೬ರಲ್ಲಿ ಅದನ್ನು ಗುರುತಿಸಿ ಹೆಸರಿಟ್ಟವನು ಜರ್ಮನಿಯ ಥಿಯೋಡೊರ್ ಶ್ವಾನ್. ಬಲಿತ ಮಾಂಸ ಬೇಗ ಬೇಯಲೆಂದು ಪಪ್ಪಾಯಿಯ ಕಾಯಿಯನ್ನು ಬ್ಯಾಗಡೆಯಷ್ಟು ಹಾಕುವ ರೂಢಿಯನ್ನು ಹಲವರು ಬಲ್ಲರು. ಪಪ್ಪಾಯಿಯ ಹಾಲಿನಲ್ಲಿಯೂ ಪ್ರೋಟೀನನ್ನು ಕತ್ತರಿಸುವ ಕಿಣ್ವವೊಂದಿದೆ.

ಪಿತ್ತರಸದ ಕೆಲಸವನ್ನು ತೋರಿಸಲು ಎರಡು ಸೀಸೆಗಳಲ್ಲಿ ನೀರು ಮತ್ತು ಎಣ್ಣೆ. ಕೊಬ್ಬರಿಯೆಣ್ಣೆ ಚಳಿಗೆ ಹೆಪ್ಪುಗಟ್ಟಿ ನಿಂತಿತ್ತು. ಆದುದರಿಂದ ಎಳ್ಳೆಣ್ಣೆಯನ್ನು ತರಬೇಕಾಯಿತು. ಒಂದು ಸೀಸೆಗೆ ಅಂಟುವಾಳದ ಕಾಯಿಯನ್ನು ನೆನೆಸಿದ ನೀರನ್ನು ಬೆರೆಸಿ ಎರಡನ್ನೂ ಕುಲುಕಿದೆವು. ಬರಿಯ ನೀರಿನಲ್ಲಿ ಎಣ್ಣೆ ಬೇಗನೆ ಮೇಲೆ ಬಂದು ನಿಂತಿತು. ಅಂಟುವಾಳದ ನೀರಿನಲ್ಲಿ ಸಣ್ಣ ಹನಿಗಳಾಗಿ ಒಡೆದು ಬಿಳಿಯಾಗಿ ಬೆರೆತುಹೋಯಿತು. ಯಕೃತ್ತಿನಲ್ಲಿ ಹುಟ್ಟುವ ಪಿತ್ತರಸವೂ ಕೊಬ್ಬನ್ನು ಹೀಗೆ ಹನಿಹನಿಯಾಗಿ ಒಡೆಯುವುದರಿಂದ ಕಿಣ್ವಗಳಿಗೆ ಅದು ಸುಲಭವಾಗಿ ಸಿಕ್ಕುತ್ತದೆ.

ಕರಗಿದ ಅನ್ನ ರಕ್ತಕ್ಕೆ ಸೇರುವುದು ಸಣ್ಣ ಕರುಳಿನ ಗೋಡೆಯ ಮೂಲಕ. ಒಂದೇ ಅಳತೆಯ ಒಂದು ತೆಳು ಬಟ್ಟೆಯನ್ನೂ ಒಂದು ಟರ್ಕಿ ಟವೆಲನ್ನೂ ನೀರಿನಲ್ಲಿ ಅದ್ದಿ, ಬೇರೆ ಬೇರೆ ಲೋಟಗಳಿಗೆ ಹಿಂಡಿದೆವು. ಟವೆಲು ಹೀರಿದ ನೀರೇ ಬಹಳ ಹೆಚ್ಚು. ಟವೆಲಿನ ಮೇಲಿನ ಎಳೆಗಳಂತೆ ಕರುಳಿನ ಒಳಗೋಡೆಯಲ್ಲಿಯೂ ಲಕ್ಷಗಟ್ಟಲೆ ಎಳೆಗಳು, ಅವುಗಳ ಕೆಳಗೆ ಸೀರೆಯ ನಿರಿಗೆಯಂಥ ಮಡಿಕೆಗಳು ಇವೆ. ಇವನ್ನೆಲ್ಲ ಬಿಡಿಸಿ ಹರಡಿದರೆ ಟೆನಿಸ್ ಅಂಗಳದಷ್ಟಾಗುತ್ತದೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ೨೦೧೪ರಲ್ಲಿ ಸ್ವೀಡನ್ನಿನ ಸಂಶೋಧಕರು ಮರಳಿ ಲೆಕ್ಕಹಾಕಿ, ಇಡೀ ಜೀರ್ಣನಾಳದ್ದು ಸುಮಾರು ೩೦ ಚದರ ಮೀಟರ್, ಅರ್ಧ ಬ್ಯಾಡ್ಮಿಂಟನ್ ಅಂಗಳದಷ್ಟು ಎಂದು ತೋರಿಸಿದರು. ಅಚ್ಚಾದ ಮಾತನ್ನೂ ಮತ್ತೆ ಅಳೆದು ನೋಡಬಹುದೆಂಬುದಕ್ಕೆ ಇದನ್ನು ಮಕ್ಕಳಿಗೆ ಉದಾಹರಣೆಯಾಗಿ ಹೇಳಿದೆ.

ಇಂಥ ಪಾಠ ಹೊಸದಲ್ಲ

ಮಾಡಿ ಕಲಿಯುವ ಈ ವಿಧಾನವನ್ನು ನಾನು ಕಂಡುಹಿಡಿದೆನೆಂದು ಯಾರೂ ಭಾವಿಸಬಾರದು. ೧೯೭೨ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ೧೬ ಹಳ್ಳಿಶಾಲೆಗಳಲ್ಲಿ, ಸುತ್ತಮುತ್ತ ಸಿಗುವ ಸಾಮಗ್ರಿಗಳಿಂದ ಮಕ್ಕಳೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮ ಆರಂಭವಾಗಿ ೨೦೦೨ರವರೆಗೆ ನಡೆಯಿತು. ನಮ್ಮ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ೧೯೯೫ರಲ್ಲಿ ಮೊದಲಾದ ‘ನಲಿ-ಕಲಿ’ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಹರಡಿತು. ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನಂತೂ ಶಿವರಾಮ ಕಾರಂತರಂಥವರೂ, ೧೯೨೬ರಲ್ಲಿ ನಮ್ಮ ಮಡಿಕೇರಿಯಲ್ಲೇ ಹುಟ್ಟಿದ ಜಿ. ಟಿ. ನಾರಾಯಣ ರಾಯರಂಥವರೂ ಬರೆದು ತೋರಿಸಿದ್ದಾರೆ. ಅಯೋಡಿನ್ನಿನಿಂದ ಉಗುಳನ್ನು ಪರೀಕ್ಷಿಸುವ ಪ್ರಯೋಗ ಶಾಲೆಯ ಪಾಠಗಳಲ್ಲಿಯೇ ಇರುವಂಥದು. ಇರುವುದನ್ನು ಮಾಡುವುದಷ್ಟೇ ಬೇಕಾಗಿದೆ.

ಮಾಡಬಯಸುವ ಮಿತ್ರರಿಗೆ ನನ್ನ ಅನುಭವದಿಂದ ನಾಲ್ಕು ಮಾತು. ಗಂಜಿ ತೆಳ್ಳಗಿರಲಿ; ದಪ್ಪ ಗಂಜಿಯಾದರೆ ಗಂಟೆಗಟ್ಟಲೆ ಕಾಯಬೇಕಾದೀತು. ನೀರಿನ ಲೋಟವನ್ನು ಎಂದಿಗೂ ಮರೆಯಬೇಡಿ. ಹೋಲಿಸಲು ಅದಿಲ್ಲದಿದ್ದರೆ ಪ್ರಯೋಗ ಏನನ್ನೂ ಸಾಧಿಸದು. ಅಯೋಡಿನ್ ಹಾಕಿದ ಯಾವುದನ್ನೂ ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಿ. ಕೊನೆಯದಾಗಿ, ಮೊದಲ ಲೋಟ ನಿಮ್ಮದಾಗಿರಲಿ.

ಇಷ್ಟರಿಂದ ಆ ಹಳ್ಳಿಯ ರೂಢಿ ಬದಲಾಯಿತೆಂದು ನಾನು ಹೇಳುವುದಿಲ್ಲ. ಅಂದು ಮಧ್ಯಾಹ್ನ ಬಿಸಿಯೂಟಕ್ಕೆ ಕುಳಿತಾಗಲೂ ಗುಂಪುಗಳು ಹಿಂದಿನಂತೆಯೇ ಇದ್ದವು. ಆದರೆ ಕೊನೆಯ ದಿನ ನೆಲದ ಮೇಲಿನ ಹಳೆಯ ಚಿತ್ರಗಳನ್ನು ಅಳಿಸಿ ಹೊಸದಾಗಿ ಬರೆಯಲು ಹೇಳಿದಾಗ, ಎರಡು ಕೊಳವೆಗಳನ್ನು ಬರೆದಿದ್ದ ಹುಡುಗನೂ ಲೈನ್ ಮನೆಯ ಹುಡುಗಿಯೂ ಒಂದೇ ಸೀಮೆಸುಣ್ಣವನ್ನು ಮುರಿದು ಹಂಚಿಕೊಂಡು, ಅವನು ಮೇಲಿನಿಂದ ಜಠರದವರೆಗೆ, ಅವಳು ಅಲ್ಲಿಂದ ಕೆಳಕ್ಕೆ ದಾರಿಯನ್ನು ಎಳೆದರು. ಗೆರೆಗಳು ಕೂಡಿದವು.

ನಾವು ಹೊರಡುವಾಗ ಆ ಹುಡುಗಿ ಒಂದು ಪ್ರಶ್ನೆ ಕೇಳಿದಳು: “ಅಷ್ಟು ಹುಳಿ ಮಾಂಸವನ್ನೇ ಕರಗಿಸುತ್ತದೆ ಅಂದರೆ, ಹೊಟ್ಟೆಯನ್ನು ಏಕೆ ಕರಗಿಸುವುದಿಲ್ಲ?” ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೇ ಹೇಳಿದೆ. ಊರಿಗೆ ಮರಳಿದ ಮೇಲೆ ಓದಿ ತಿಳಿದುಕೊಂಡೆ. ಜಠರದ ಒಳಗೋಡೆಗೆ ಲೋಳೆಯ ಹೊದಿಕೆಯಿದೆ; ಆ ಲೋಳೆಯಲ್ಲಿ ಆಮ್ಲವನ್ನು ತಗ್ಗಿಸುವ ಕ್ಷಾರವಿದೆ; ಅದನ್ನೂ ಮೀರಿ ಸವೆದ ಜೀವಕೋಶಗಳ ಜಾಗಕ್ಕೆ ಕೆಲವೇ ದಿನಗಳಲ್ಲಿ ಹೊಸವು ಬರುತ್ತವೆ. ಇದನ್ನು ಒಂದು ಹಾಳೆಯಲ್ಲಿ ಬರೆದು, ಅವಳ ಹೆಸರಿಗೆ, ಶಾಲೆಯ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದ್ದೇನೆ.